ತೊಟ್ಟಿಲಲ್ಲಿ ಬಂದ ತಿಗಣೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ತಿಗಣೆ ಬಂದದ್ದು ಹೇಗೆ ಅಂತೀರಿ? ತೊಟ್ಟಿಲಲ್ಲಿ ಕೂತು ಬಂದವು ಮಕ್ಕಳೇ, ಹಸುಗೂಸಿನ ತೊಟ್ಟಿಲಲ್ಲಿ. ಅದು ತಿಗಣೆ ಅಂತ ನಮಗೆ ತಿಳಿಯುವ ಹೊತ್ತಿಗೆ ಹತ್ತು ದಿನ ಕಳೆದಿತ್ತು. ಆ ಹತ್ತು ದಿನ ನೆನೆದರೆ ಈಗಲೂ ಮೈ ಕಡಿಯುತ್ತದೆ.

ನಮ್ಮದು ಹೊಳೆನರಸೀಪುರದ ಹತ್ತಿರ, ಹೊಳೆದಂಡೆಯ ಹಳ್ಳಿ. ಚನ್ನರಾಯಪಟ್ಟಣದ ಕಡೆಗೆ ಮದುವೆಯಾಗಿದ್ದ ಅಕ್ಕ ಚೊಚ್ಚಲ ಬಾಣಂತನಕ್ಕೆ ಬಂದು ಗಂಡುಮಗು ಹೆತ್ತಿದ್ದಳು. ಚೊಚ್ಚಲ ಕೂಸಿಗೆ ನಮ್ಮ ಮನೆಯಲ್ಲಿ ಹೊಸ ತೊಟ್ಟಿಲು ತರುತ್ತಿರಲಿಲ್ಲ. ಮಕ್ಕಳು ಉಳಿದು ಬೆಳೆದ ಮನೆಯ ತೊಟ್ಟಿಲನ್ನೇ ಕೇಳಿ ತರಬೇಕು, ಆ ಮನೆಯ ಪುಣ್ಯ ಕೂಸಿಗೂ ತಟ್ಟಲಿ ಅಂತ. ಮೂರು ಮನೆ ಆಚೆ ಒಂಬತ್ತು ಮಕ್ಕಳು ಮಲಗಿ ಎದ್ದ ತೊಟ್ಟಿಲು ಇತ್ತು. ಅಜ್ಜಿ ಅದನ್ನೇ ತಂದಳು. ಅವ್ವ ತೊಳೆಯಲು ಹೋದರೆ, ಪುಣ್ಯವೂ ತೊಳೆದುಹೋಗುತ್ತದೆ ಅಂತ ಬೈದಳು. ಹಳೇ ಸೀರೆ ಮಡಚಿ ಹಾಸಿ, ಶಾಸ್ತ್ರಕ್ಕೆ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗಿ, ಆಮೇಲೆ ಕೂಸನ್ನು ಮಲಗಿಸಿದಳು.

ಮಾರನೆಯ ಬೆಳಿಗ್ಗೆಯೇ ಕೂಸಿನ ಬೆನ್ನು, ತೊಡೆಯ ಮೇಲೆ ಕೆಂಪು ಗುಳ್ಳೆ ಎದ್ದಿದ್ದವು. ಅಜ್ಜಿ ನೋಡಿದವಳೇ ಕೈಮುಗಿದಳು. "ಅಮ್ಮ ಬಂದವ್ಳೆ ಕಣವ್ವ. ಯಾರೂ ಮಗೀನ ಮುಟ್ಬ್ಯಾಡಿ" ಅಂದಳು. ಅಮ್ಮ ಅಂದರೆ ಸಿಡುಬು. ಆಗ ಅದರ ಹೆಸರು ಹೇಳಲೂ ಹೆದರುತ್ತಿದ್ದರು, ಮನೆಮನೆಯ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದ ರೋಗ.

ಅಮ್ಮ ಬಂದ ಮನೆಯಲ್ಲಿ ಕಸ ಗುಡಿಸಬಾರದು, ಬಟ್ಟೆ ಒಗೆಯಬಾರದು, ಒಗ್ಗರಣೆ ಹಾಕಬಾರದು. ಕೂಸಿಗೆ ಎಣ್ಣೆನೀರು ನಿಂತಿತು. ಹಾಲೂಡಿಸುವಾಗ ಬಿಟ್ಟರೆ ತೊಟ್ಟಿಲಿಂದ ಎತ್ತುವಂತಿಲ್ಲ. ಹಾಸಿದ ಸೀರೆ ಕಮಟು ಹಿಡಿದರೂ ಬದಲಿಸುವಂತಿಲ್ಲ. ಬಾಗಿಲಿಗೆ ಬೇವು, ತೊಟ್ಟಿಲ ಸುತ್ತ ಬೇವು, ಮನೆ ತುಂಬ ಆ ಕಹಿ ವಾಸನೆ. ಭಾವ ಬಂದವರು ಹೊಸ್ತಿಲಾಚೆ ನಿಂತು ಅತ್ತು ಹೋದರು. ದಿನ ಕಳೆದಂತೆ ಗುಳ್ಳೆ ಹೆಚ್ಚಿದವು. ಕೂಸು ಮೊದಲು ಕಿರುಚುತ್ತಿತ್ತು, ಆಮೇಲೆ ಬರೀ ನರಳಿತು. ಒಂಬತ್ತನೆಯ ದಿನಕ್ಕೆ ಅಮ್ಮ ಇಳಿಯಬೇಕಿತ್ತು. ಇಳಿಯಲಿಲ್ಲ. ಹತ್ತನೆಯ ದಿನ ಕೂಸು ಹಾಲು ಬಿಟ್ಟಿತು.

ಅವತ್ತು ಮಧ್ಯಾಹ್ನ ಅಕ್ಕ ಎದ್ದು ಬಂದು ತೊಟ್ಟಿಲಿಗೆ ಕೈ ಹಾಕಿದಳು. ಅಜ್ಜಿ ತಡೆದಳು. ಅಕ್ಕ ಅಳಲಿಲ್ಲ. "ಸತ್ರೆ ನನ್ ಮಡ್ಲಗೇ ಸಾಯ್ಲಿ, ಬುಡಜ್ಜಿ" ಅಂದು ಕೂಸನ್ನು ಎತ್ತಿಕೊಂಡು ಮೂಲೆಯಲ್ಲಿ ಕೂತುಬಿಟ್ಟಳು.

ನನಗೆ ಏನು ಮಾಡಬೇಕೋ ತೋಚದೆ ಬರಿದಾದ ತೊಟ್ಟಿಲಿನ ಅಂಚಿಗೆ ಕೈಚಾಚಿ, ಒರಗಿ ಕೂತೆ. ಹಾಗೇ ಜೋಂಪು ಹತ್ತಿತು. ಎಚ್ಚರವಾದಾಗ ಮೊಣಕೈ ಉರಿಯುತ್ತಿತ್ತು. ನೋಡಿದರೆ ಸಾಲಾಗಿ ಮೂರು ಗುಳ್ಳೆ. ನನಗೂ ಅಮ್ಮ ಬಂದಳು, ನಾನೂ ಸಾಯುತ್ತೇನೆ ಅಂತ ಎದೆ ಒಡೆದುಹೋಯಿತು. ಹೆದರಿಕೆಯಲ್ಲಿ ಪರಪರ ಕೆರೆದುಕೊಂಡೆ. ಉಗುರಿಗೆ ಏನೋ ಸಿಕ್ಕಿ ಚಿಟುಕ್ಕೆಂದಿತು. ಅಪ್ಪ ದೂರದಿಂದಲೇ ನೋಡುತ್ತಿದ್ದ.

"ಬಾರ್ಲಾ ಇಲ್ಲಿ, ಬೆಟ್ಟು ತಾ" ಅಂದ. ನನ್ನ ಬೆರಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದ. ಆಮೇಲೆ ಅಜ್ಜಿಯ ಕಡೆ ತಿರುಗಿದ. "ಅವ್ವ, ತಿಗಣೆ ನಾತ ಕಣವ್ವ ಇದು."

"ಒಂಬತ್ತು ಮಕ್ಳು ಬದುಕಿದ ತೊಟ್ಲು ಅದು. ಬಾಯಿಗ್ ಬಂದಂಗೆ ಆಡ್ಬ್ಯಾಡ" ಅಂದಳು ಅಜ್ಜಿ.

ಅಪ್ಪ ಮಾತು ಬೆಳೆಸಲಿಲ್ಲ. ತೊಟ್ಟಿಲನ್ನು ಅಂಗಳಕ್ಕೆ ಒಯ್ದು ಬಿಸಿಲಲ್ಲಿ ಬೋರಲು ಹಾಕಿ ಒನಕೆಯಿಂದ ಕುಟ್ಟಿದ. ಸಂದುಸಂದಿನಿಂದ ರಾಗಿ ಉದುರಿದ ಹಾಗೆ ಉದುರಿದವು, ಕೂಸಿನ ರಕ್ತ ಕುಡಿದು ಕೆಂಪಗೆ ಉಬ್ಬಿದ ತಿಗಣೆಗಳು. ಅಜ್ಜಿ ನೆಲಕ್ಕೆ ಕುಕ್ಕರಿಸಿದಳು. "ಹತ್ತು ದಿನ ನಾನೇ ಕೈಯಾರ ಇವುಕ್ಕೆ ಉಣ್ಣಾಕಿಕ್ಕಿದ್ನಲ್ಲೋ ಮಗಾ."

ಅಷ್ಟೇ, ಆಮೇಲೆ ಎದ್ದವಳು ಕೂರಲೇ ಇಲ್ಲ. ಹಂಡೆಗೆ ಉರಿ ಹಾಕಿ ಕುದಿನೀರನ್ನು ತೊಟ್ಟಿಲಿನ ಒಂದೊಂದು ಸಂದಿಗೂ ಹುಯ್ದಳು. ಚಾಪೆ, ಕಂಬಳಿ, ಕೌದಿ ಎಲ್ಲ ಕಾದ ಬಂಡೆಯ ಮೇಲೆ ಬಿದ್ದವು. ಅವ್ವ ಸೀರೆಗಳನ್ನು ಕುದಿಸಿದಳು. ಅಪ್ಪ ಗೋಡೆಯ ಬಿರುಕಿಗೆಲ್ಲ ಮಣ್ಣು ಸಗಣಿ ಮೆತ್ತಿ ಸುಣ್ಣ ಬಳಿದ. ನಾನು ಕಡ್ಡಿ ಹಿಡಿದು ಮಂಚದ ತೂತುಗಳನ್ನು ಕೆದಕುತ್ತಿದ್ದೆ. ಹತ್ತು ದಿನದ ಮೇಲೆ ಕೂಸಿಗೆ ಬೆಚ್ಚನೆ ನೀರು ಬಿತ್ತು. ಸಂಜೆಗೆ ಮೂಲೆಯಿಂದ ಲೊಚಲೊಚ ಸದ್ದು. ಕೂಸು ಹಾಲು ಕುಡಿಯುತ್ತಿತ್ತು. ಅಕ್ಕ ಆಗ ಅತ್ತಳು ನೋಡಿ, ಮನೆಯೇ ನಡುಗುವ ಹಾಗೆ.

ತೊಟ್ಟಿಲು ಹಿಂದಕ್ಕೆ ಕೊಡುವಾಗ ಅಜ್ಜಿ ನಡೆದದ್ದನ್ನೆಲ್ಲ ಹೇಳಿದಳಂತೆ. ಆ ಮನೆಯಾಕೆ ನಕ್ಕು, "ನಮ್ ಒಂಬತ್ತಕ್ಕೂ ಕಚ್ಚವೆ ಕಣಜ್ಜಿ, ಅವುಕ್ಕೆ ರೂಢಿ ಆಗೋಗದೆ" ಅಂದಳಂತೆ. ಮಾರನೆಯ ದಿನ ಅಜ್ಜಿ ಅವರ ಮನೆಯ ತಿಗಣೆಗೂ ನೀರು ಕುದಿಸಲು ನಮ್ಮ ಹಂಡೆಯನ್ನೇ ಅವರ ಹಿತ್ತಲಿಗೆ ಸಾಗಿಸಿದಳು.

ಆ ಕೂಸು ಯಾರು ಗೊತ್ತೇ? ಹಬ್ಬಕ್ಕೆ ಬಂದು ನಿಮ್ಮನ್ನು ಹೆಗಲ ಮೇಲೆ ಕುಣಿಸುವ ಚನ್ನರಾಯಪಟ್ಟಣದ ಮಾವ! ಇದನ್ನು ಹೇಳಲು ನನಗೆ ಎಷ್ಟು ಖುಷಿ ಅಂತೀರಿ. ಮೊನ್ನೆ ನಿಮ್ಮಲ್ಲೊಬ್ಬಳು ಪ್ರವಾಸದಿಂದ ಬಂದಾಗ ಕತ್ತಿನ ಮೇಲೆ ಕೆಂಪು ಗುಳ್ಳೆ ಇತ್ತು. ಅವಳು ಯಾರನ್ನೂ ಕೇಳದೆ ಮೊಬೈಲಿನ ಬೆಳಕು ಹಾಯಿಸಿ ಚೀಲದ ಹೊಲಿಗೆ ನೋಡಿದಳು. ಒಂದು ತಿಗಣೆ ಸಿಕ್ಕಿತು. ಬಟ್ಟೆಯೆಲ್ಲ ಬಿಸಿನೀರಿಗೆ ಹೋಯಿತು, ಚೀಲ ಬಿಸಿಲಿಗೆ ಹೋಯಿತು, ಅಲ್ಲಿಗೆ ಮುಗಿಯಿತು. ನೀವು ಮೈಮೇಲೆ ಗುಳ್ಳೆ ಎದ್ದರೆ ಹಾಸಿಗೆ ಎತ್ತಿ ನೋಡುತ್ತೀರಿ ಮಕ್ಕಳೇ. ನಾವು ಕೈಮುಗಿದು, ಕಣ್ಣು ಮುಚ್ಚಿಕೊಂಡಿದ್ದೆವು.