ಹಿಮ್ಮೇಳವಿಲ್ಲದ ಹಾಡುಗಾರ

ತಾನೇ ಹಾಡು ಕಟ್ಟಿ, ಏಕತಾರಿ ಹಿಡಿದು ಹಾಡುವ ಗಾಯಕನೊಬ್ಬನ ಆಲ್ಬಂ ನನ್ನ ಹೆಂಡತಿಗೆ ಬಹಳ ಇಷ್ಟವಾಗಿತ್ತು. ಎಲ್ಲವೂ ಅಗಲಿಕೆಯ ಹಾಡುಗಳೇ. ಅವಳು ತೀರಿಕೊಂಡ ಮೇಲೆ ಮೊದಲ ಹಾಡನ್ನು ದಾಟಲು ನನಗೆ ಆಗಿರಲಿಲ್ಲ.

ಶಿಕ್ಷಕರ ತರಬೇತಿಗೆಂದು ಬೈಲಹೊಂಗಲದಿಂದ ಸವದತ್ತಿಗೆ ಟೆಂಪೋದಲ್ಲಿ ಹೊರಟಾಗ ಮತ್ತೆ ಪ್ರಯತ್ನಿಸಿದೆ. ಇಯರ್‌ಫೋನ್ ಮರೆತಿದ್ದರಿಂದ ಫೋನನ್ನೇ ಕಿವಿಗೆ ಹಿಡಿದಿದ್ದೆ.

"ಯಾರ್ರೀ ಸರ, ಫೋನ್ಯಾಗ ಅಳಾಕ ಹತ್ತ್ಯಾರ?" ಎಂದು ಪಕ್ಕದ ಅಜ್ಜಿ ಕೇಳಿದಳು.

"ಅಳಾಕ ಹತ್ತಿಲ್ಲಬೇ, ಹಾಡು ಅದು."

"ಒಬ್ಬನ ಹಾಡ್ತಾನಲ್ಲ. ಹಿಂದ ಹಾಡಾವ್ರು ಯಾರೂ ಇಲ್ಲೇನು?"

"ಇಲ್ಲ."

"ಮತ್ತ ಅಳದ ಏನ್ ಮಾಡ್ತಾನ? ಜೋರ ಮಾಡ್ರಿ."

ನಮ್ಮ ಕಡೆ ಭಜನೆಯಲ್ಲಿ ಒಬ್ಬ ಹಾಡಿದ ಸಾಲನ್ನು ಉಳಿದವರು ತಿರುಗಿ ಹಾಡಬೇಕು. ಅಜ್ಜಿ ಪಲ್ಲವಿಯನ್ನು ಹಿಡಿದಳು. ಹಿಂದಿನ ಸೀಟಿನ ಹೆಂಗಸರು ಸೇರಿಕೊಂಡರು. ಡ್ರೈವರ್ ಸ್ಟೇರಿಂಗ್ ಮೇಲೆ ತಾಳ ಹಾಕಿದ.

"ನೀವೂ ಬಾಯಿ ಬಿಡ್ರಿ ಸರ. ಹಾಡು ನಿಮ್ಮದು, ದುಡಿಯಾವ್ರು ನಾವೇನು?"

ನಾನೂ ಬಾಯಿಬಿಟ್ಟೆ. ಸವದತ್ತಿ ಬರುವಷ್ಟರಲ್ಲಿ ಆಲ್ಬಂ ಪೂರ್ತಿ ಮುಗಿದಿತ್ತು.

ಈಗ ಮನೆಯಲ್ಲಿ ಒಬ್ಬನೇ ಕೇಳುವಾಗಲೂ ಪ್ರತಿ ಸಾಲನ್ನು ತಿರುಗಿ ಹಾಡುತ್ತೇನೆ. ನನ್ನ ಹೆಂಡತಿಯ ಹಾಗೆ ಆ ಗಾಯಕನೂ ನಾನು ಮುಗಿಸುವವರೆಗೆ ಕಾಯದೆ ಮುಂದೆ ಹೋಗಿಬಿಡುತ್ತಾನೆ.