ಬೆರಕೆ ಮೇಷ್ಟ್ರ ಮೂಗು

ನಮ್ಮ ಹಳೆಯ ದ್ರಾಕ್ಷಿ ತೋಟದ ದುಬಾರಿ ಕೆಂಪು ವೈನನ್ನು ಹದವಾಗಿ ಬೆರೆಸುವ ಬೆರಕೆ ಮೇಷ್ಟ್ರಿಗೆ ಮೈಯೆಲ್ಲ ಮೂಗು. ಬೆರೆಸುವ ಕಾಲ ಬಂತೆಂದರೆ ಅವರ ಮನೆಯಲ್ಲಿ ಈರುಳ್ಳಿ ಹುರಿಯುವಂತಿಲ್ಲ, ಪರಿಮಳದ ಸೋಪು ಮುಟ್ಟುವಂತಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದ ಮ್ಯಾನೇಜರು ನೆಲಮಾಳಿಗೆಯ ಬಾಗಿಲಾಚೆಯೇ ನಿಂತು ಮಾತಾಡಬೇಕು. ಮೂರು ತಳಿಯ ದ್ರಾಕ್ಷಿಯೂ ಅವರಿಗೆ ನೆಂಟರಿದ್ದಂತೆ. "ಇದು ಸೋದರಮಾವ, ಗದರ್ಲಿ, ಆದ್ರೆ ಊಟ ಕೆಡಿಸ್ಬಾರ್ದು. ಅದು ನಾದಿನಿ, ನಗ್ತಾ ನಗ್ತಾ ಮನೇನೇ ಆಳ್ತಾಳೆ, ಸ್ವಲ್ಪ ಸಾಕು. ಈ ಅಜ್ಜಿ ಮಧ್ಯೆ ಕೂತ್ರೇನೇ ಇಬ್ರೂ ತೆಪ್ಪಗಿರೋದು," ಎನ್ನುತ್ತ ಗುಟುಕನ್ನು ಬಾಯಲ್ಲಾಡಿಸಿ ಉಗುಳುತ್ತಾರೆ, "ಇನ್ನೊಂಚೂರು" ಎಂದು ಮತ್ತೆ ಬೆರೆಸುತ್ತಾರೆ. ಬಾಟಲಿ ತುಂಬುವ ನಮಗೆಲ್ಲ ಅವರ ಗಂಟಲ ಮೇಲೇ ಕಣ್ಣು. ಉಗುಳದೆ ನುಂಗಿದರೆ ನಮ್ಮ ಕೆಲಸ ಶುರು. ಈ ಮೂಗಿನ ಕಾಟ ಹೆಚ್ಚಾಗಿ ತಟ್ಟಿದ್ದು ಅವರ ಹೆಂಡತಿಗೆ. ಒಲೆಯ ಮೇಲಿನ ಹಾಲು ತಳ ಹಿಡಿಯುವ ಮೊದಲೇ ಹೊರಗಿನ ಕೋಣೆಯಿಂದ ದೂರು ಬರುತ್ತಿತ್ತು. ಈ ವರ್ಷ ಬಂದ ಜ್ವರ ಹೋಗುವಾಗ ಮೂಗಿನ ಶಕ್ತಿಯನ್ನೂ ಕೊಂಡೊಯ್ದಿತು. ಪೀಪಾಯಿಗಳು ಹಾಗೇ ಕಾದವು, ಮ್ಯಾನೇಜರು ಹರಕೆ ಹೊತ್ತವರಂತೆ ಎಣ್ಣೆ ಹಚ್ಚುವುದನ್ನೇ ಬಿಟ್ಟರು. ಮೇಷ್ಟ್ರು ಮನೆಯಲ್ಲೂ ಕೊಟ್ಟಿದ್ದನ್ನು ಕುಡಿದು ಸುಮ್ಮನಿರುತ್ತಿದ್ದರು. ನಿನ್ನೆ ಬೆಳಿಗ್ಗೆ ವಿಚಾರಿಸಿಕೊಂಡು ಬರೋಣವೆಂದು ಹೋಗಿ ನಾನು ಅವರೆದುರೇ ಕೂತಿದ್ದೆ. ಹಾಲಿನ ಲೋಟವನ್ನು ತುಟಿಯ ಹತ್ತಿರ ತಂದವರು ಮುಖ ಸಿಂಡರಿಸಿದರು. "ಏನೇ ಇದು, ಹಾಲು ಸೀದಿದೆ." ಒಳಗೆ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದವರು ಹೊಸಿಲ ಮೇಲೆ ಕೂತೇಬಿಟ್ಟರು. "ಸದ್ಯ," ಅಂದರು. "ಜ್ವರ ಬಿಟ್ಟಾಗಿಂದ ದಿನಾ ಬೇಕಂತ್ಲೇ ತಳ ಹಿಡಿಸ್ತಿದೀನಿ."