ಕೊನೆಯ ಸೋಮವಾರದ ಚೂರಮಾ

ಕಾರ್ತಿಕದ ಸೋಮವಾರ, ಬೆಳಗಿನ ಒಂಬತ್ತು ಗಂಟೆ. ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ವೈದ್ಯೆಯ ಎದುರು ಕೂತವರು ನಾನು, ನನ್ನ ಸೊಸೆ ಮತ್ತು ನನ್ನ ಗಂಡನ ಅಕ್ಕ. ಅಕ್ಕ ಗಲಗಲಿಯಿಂದ ಮೊದಲ ಬಸ್ಸಿಗೇ ಬಂದಿದ್ದರು. ಅಂದು ಸೊಸೆಯ ಸೋಳಾ ಸೋಮವಾರ ವ್ರತದ ಹದಿನಾರನೆಯ, ಕೊನೆಯ ವಾರ. ಮಗುವಾಗಲೆಂದು ಶ್ರಾವಣದಲ್ಲಿ ಅದನ್ನು ಹಿಡಿಸಿದವರೇ ಅಕ್ಕ.

ಸೊಸೆಗೆ ಪಿಸಿಓಎಸ್, ಅಂಡಾಶಯದ ತೊಂದರೆ. ಮುಟ್ಟು ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಗದ್ದದ ಮೇಲೆ ಕೂದಲು, ಕುತ್ತಿಗೆಯ ಸುತ್ತ ಕಪ್ಪು, ಕಡಿಮೆ ಉಂಡರೂ ಇಳಿಯದ ಮೈ. ಮೈಯಲ್ಲಿ ಇನ್ಸುಲಿನ್ ಇದೆ, ಆದರೆ ಅದರ ಕೆಲಸ ಸರಿಯಾಗಿ ಸಾಗುತ್ತಿಲ್ಲ, ರಕ್ತದ ಸಕ್ಕರೆ ಅಂಚಿಗೆ ಬಂದಿದೆ ಎಂದು ವೈದ್ಯೆ ಬೇಸಿಗೆಯಲ್ಲೇ ಎಚ್ಚರಿಸಿದ್ದರು. ಅವರು ಹೇಳಿದ ಪಥ್ಯ: ಹೊತ್ತಿಗೆ ಸರಿಯಾಗಿ ಜೋಳದ ರೊಟ್ಟಿ, ಕಾಳು, ಸೊಪ್ಪು, ಸಿಹಿ ಬೇಡ, ದಿನಾ ನಡಿಗೆ. ಮುಧೋಳದಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿ ನಿವೃತ್ತಳಾದವಳು ನಾನು. ಗಂಟೆಗೆ ಸರಿಯಾಗಿ ಉಣಿಸುವುದು ಗೊತ್ತು. ಉಳಿದ ದಿನ ಹಾಗೆಯೇ ನಡೆಯಿತು. ಸೋಮವಾರ ಮಾತ್ರ ಅಡುಗೆಮನೆ ಊರಿಂದ ಬರುತ್ತಿದ್ದ ಅಕ್ಕನದು.

ವೈದ್ಯೆ ಹೊಸ ವರದಿ ಓದಿ ಕನ್ನಡಕ ತೆಗೆದರು. "ಅಂಚಿನ್ಯಾಗ ಇತ್ತು, ಈಗ ದಾಟೇತಿ. ಸಕ್ಕರಿ ಕಾಯಿಲೆನ ಇದು. ಏನ ತಿನ್ನಾಕತ್ತೀರಿ?"

"ಸೋಮವಾರ ಏನೂ ತಿನ್ನಂಗಿಲ್ರಿ," ಅಕ್ಕ ಹೆಮ್ಮೆಯಿಂದ ಹೇಳಿದರು. "ಕಟ್ಟಾ ಉಪವಾಸ. ಸಂಜಿಕ ಬರೇ ಚೂರಮಾ."

"ಚೂರಮಾದಾಗ ಏನ ಹಾಕ್ತೀರಿ?"

"ಗೋದಿ, ತುಪ್ಪ, ಬೆಲ್ಲ. ಮೂರು ಪಾಲು. ದೇವರದೊಂದು, ಹಂಚೋದೊಂದು, ವ್ರತಾ ಹಿಡದಾಕೀದೊಂದು. ತನ್ನ ಪಾಲು ಆಕೀನ ಮುಗಸಬೇಕು, ಉಳಸಂಗಿಲ್ಲ."

ಎಷ್ಟೆಂದು ಕೇಳಿದಾಗ ಸೊಸೆ ಎರಡೂ ಕೈ ಸೇರಿಸಿ ಬೊಗಸೆ ತೋರಿಸಿದಳು.

"ದಿನಪೂರ್ತಿ ಹಸಗೊಂಡಿದ್ದು, ಸಂಜಿಕ ಇಷ್ಟು ಬೆಲ್ಲಾ?"

"ಬೆಲ್ಲ ಸಕ್ಕರಿ ಅಲ್ರೀ ಬಾಯಾರ. ಮುಧೋಳ ಕಡಿ ಗಾಣದ್ದು, ಔಷಧ ಹಾಕಿಲ್ಲ."

"ರಕ್ತಕ್ಕ ಯಾವ ಗಾಣದ್ದಂತ ಗೊತ್ತಾಗಂಗಿಲ್ರಿ, ಅಜ್ಜಿ. ಇದೊಂದರಿಂದ ಬಂತು ಅನ್ನಂಗಿಲ್ಲ, ಪಿಸಿಓಎಸ್ ತಾನ ಸಕ್ಕರಿ ಕಾಯಿಲೆ ಕಡೆ ಎಳೀತೈತಿ. ನೀವು ಹಿಂದಿಂದ ದೂಡಾಕತ್ತೀರಿ." ಆಮೇಲೆ ಸೊಸೆಯ ಕಡೆ ತಿರುಗಿದರು. "ಮೊದಲ ಸಕ್ಕರಿ ಇಳೀಲಿ. ಕೂಸಿನ ಮಾತು ಆಮ್ಯಾಲ."

ರಾತ್ರಿ ಊಟದ ನಂತರ ನುಂಗಲು ಗುಳಿಗೆ ಬರೆದುಕೊಟ್ಟರು.

ಮನೆಗೆ ಹೊರಟ ಆಟೋದಲ್ಲಿ ನಾನೇ ಸೊಸೆಗೆ ಹೇಳಿದೆ. "ಇವತ್ತ ರೊಟ್ಟಿ ಉಣ್ಣವಾ."

"ಕಡೀ ವಾರ ಮುರಿದ್ರ ಎಲ್ಲಾ ನೀರಾಗ ಹೋತು," ಅಕ್ಕ ಸಿಡುಕಿದರು. "ನಾಳೆ ಕೂಸಾಗಲಿಲ್ಲಂದ್ರ ನಿನ್ನ ತಲಿ ಮ್ಯಾಲ. ಇದೇನು ನಿನ್ನ ಹಾಸ್ಟೆಲ್ ಅಲ್ಲ."

"ಹಾಸ್ಟೆಲ್‌ನ್ಯಾಗ ಯಾವ ಹುಡುಗಿನೂ ಹಸಗೊಂಡು ಕುಂತಿಲ್ರಿ, ಅಕ್ಕಾರ."

ಸೊಸೆ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತ ಕೂತಿದ್ದಳು.

ಸಂಜೆ ಪೂಜೆ ಮುಗಿಯುವ ಹೊತ್ತಿಗೆ ನಾನು ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯ ಸೊಪ್ಪು ಸಿದ್ಧಮಾಡಿ ತಟ್ಟೆ ಇಟ್ಟೆ. ಸೊಸೆ ಚೂರಮಾ ಪಾಲು ಮಾಡಿದಳು. ತನ್ನ ಪಾಲನ್ನು ಮುಂದಿಟ್ಟುಕೊಂಡು ನನ್ನನ್ನು ನೋಡಿದಳು.

"ಅತ್ಯಾರ, ನೀವು ಹೇಳೋದು ಖರೆ. ಡಾಕ್ಟರ ಹೇಳೋದೂ ಖರೆ. ಆದರ ನಾಳೆ ಕೂಸಾಗಲಿಲ್ಲಂದ್ರ, ಈ ಪಾಲು ಬಿಟ್ಟಿದ್ದಕ್ಕ ಅಂತ ನನಗ ದಿನಾ ಅನಸ್ತೈತಿ. ಅದನ್ನ ಹೊರಾಕ ನನ್ನ ಕಡೆ ಆಗಂಗಿಲ್ಲ."

ಹಾಸ್ಟೆಲಿನ ಹುಡುಗಿಯಾಗಿದ್ದರೆ ಚೂರಮಾದ ತಟ್ಟೆ ಎಳೆದುಕೊಳ್ಳುತ್ತಿದ್ದೆ. ಇವಳ ಕೈಯಿಂದ ಎಳೆಯಲು ನನಗಾಗಲಿಲ್ಲ. ಅವಳು ನಿಧಾನವಾಗಿ, ಔಷಧಿ ನುಂಗುವಂತೆ, ಪೂರ್ತಿ ತಿಂದಳು. ಅಕ್ಕ ಅವಳ ತಲೆ ಸವರಿದರು. ನಾನು ಗುಳಿಗೆಯನ್ನೂ ನೀರನ್ನೂ ಕೊಟ್ಟೆ. ನುಂಗಿ, ಗೋಡೆಗೊರಗಿ ಕಣ್ಣು ಮುಚ್ಚಿದಳು.

ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟೆ. ಮಂಗಳವಾರದ ಪಲ್ಯಕ್ಕೆ ಮಡಿಕೆಕಾಳು ನೆನೆಹಾಕಿ ಮುಚ್ಚಿದೆ.